ರಾಮ್ಸೆಸ್ ಹೆಸರಿನಲ್ಲಿ ರಾಮ ಇದ್ದಾನಾ?

ಈಜಿಪ್ಟಿನ ರಾಜ ರಾಮ್ಸೆಸ್ ಎಂದರೆ ನಮ್ಮ ರಾಮನೇ, ಅಲ್ಲಿನ ದೇವರುಗಳೂ ಇಲ್ಲಿಂದಲೇ ಹೋದವರು ಎನ್ನುವ ಮೆಸೇಜ್ ಆಗಾಗ ಬರುತ್ತಿರುತ್ತದೆ. ಹೆಸರು ಕಿವಿಗೆ ಹಾಗೇ ಕೇಳಿಸುತ್ತದೆ, ನಂಬಿದವರದ್ದು ತಪ್ಪೇನಿಲ್ಲ. ಆದರೆ ವಿಷಯ ಸರಿಯಲ್ಲ.

ಎಡವಟ್ಟಾಗಿರುವುದು ಹೆಸರನ್ನು ಬಿಡಿಸಿದ ರೀತಿಯಲ್ಲಿ. ಅದು 'ರಾಮ್' ಮತ್ತು 'ಸೆಸ್' ಅಲ್ಲ. 'ರಾ' ಮತ್ತು 'ಮೆಸ್ಸು'. ರಾ ಅಲ್ಲಿನ ಸೂರ್ಯದೇವ. 'ರಾ ಹುಟ್ಟಿಸಿದವನು' ಎಂದು ಅರ್ಥ. ಥುತ್‌ಮೋಸ್ ಎಂಬ ರಾಜರ ಹೆಸರಿನಲ್ಲೂ ಇದೇ 'ಮೆಸ್' ಇದೆ, ಅಲ್ಲಿ ದೇವರು ಥೋತ್. 1822ರಲ್ಲಿ ಫ್ರಾನ್ಸಿನ ಶಾಂಪೋಲಿಯನ್ ಚಿತ್ರಲಿಪಿ ಓದುವ ದಾರಿ ಹುಡುಕಿದಾಗ ನೆರವಾದದ್ದೂ ಈ ಎರಡು ಹೆಸರುಗಳೇ.

ದೇವರ ಸಂಸಾರವೂ ಬೇರೆಯೇ. ಹೆಲಿಯೊಪೊಲಿಸ್ ಊರಿನ ಕಥೆಯಲ್ಲಿ ಮೊದಲು ಇದ್ದದ್ದು ಬರೀ ನೀರು. ಅದರಿಂದ ಆಟುಮ್ ತಾನಾಗಿಯೇ ಎದ್ದ. ಅವನ ಮಕ್ಕಳು ಶು, ತೆಫ್ನುತ್. ಅವರ ಮಕ್ಕಳು ಗೆಬ್, ನುತ್. ಗೆಬ್ ಭೂಮಿ, ಗಂಡು. ನುತ್ ಆಕಾಶ, ಹೆಣ್ಣು. ನಮ್ಮಲ್ಲಿ ಭೂಮಿ ತಾಯಿ ಅಲ್ವಾ? ಅಲ್ಲಿ ಉಲ್ಟಾ! ಒಸೈರಿಸ್, ಐಸಿಸ್, ಸೆತ್, ನೆಫ್ತಿಸ್ ಈ ಜೋಡಿಯ ಮಕ್ಕಳು. ಒಟ್ಟು 9 ದೇವರು.

ನೀವೇ ಪರೀಕ್ಷಿಸಬಹುದು. ಹೆಸರಿನ ಒಂದು ತುಂಡು ತೋರಿಸಿದರೆ, ಅದೇ ತುಂಡು ಆ ಭಾಷೆಯ ಬೇರೆ ಹೆಸರುಗಳಲ್ಲಿ ಎಲ್ಲಿದೆ ಎಂದು ಹುಡುಕಿ. ಮ್ಯೂಸಿಯಂಗಳ ವೆಬ್‌ಸೈಟಿನಲ್ಲಿ ರಾಮ್ಸೆಸ್ ಹೆಸರು ಕೆತ್ತಿದ ಕಲ್ಲಿನ ಫೋಟೋ ಸಿಗುತ್ತದೆ. ಉದ್ದನೆಯ ಉಂಗುರದೊಳಗೆ ಸೂರ್ಯನ ಬಿಲ್ಲೆ, ಇಲ್ಲವೇ ಅದನ್ನು ತಲೆಯ ಮೇಲೆ ಹೊತ್ತ ದೇವರು ಕಾಣುತ್ತಾನೆ. ಮೂರು ನರಿ ತೊಗಲು ಒಟ್ಟಿಗೆ ಕಟ್ಟಿದಂಥ ಗುರುತು ಕಂಡರೆ, ಅದೇ 'ಮೆಸ್'.