ಮೊದಲು ಆಡಿಟರ್, ಆಮೇಲೆ ಡಾಕ್ಟರ್

ಹೊಟ್ಟೆ ಹಿಡಿದುಕೊಂಡು ಸೀದಾ ಆಸ್ಪತ್ರೆಗೆ ಓಡುವುದು ಶಿವಮೊಗ್ಗದವರ ಹಳೇ ಚಟ. ವಿನೋಬನಗರದ ನಮ್ಮ ನಿವೃತ್ತ ಮೇಷ್ಟ್ರು ಬುದ್ಧಿವಂತರು, ದುರ್ಗಿಗುಡಿಯ ಆಡಿಟರ್ ಹತ್ತಿರ ಹೋದರು. ಪಿತ್ತಕೋಶದಲ್ಲಿ ಕಲ್ಲಿದೆ ಅಂತ ಸ್ಕ್ಯಾನಿಂಗ್ ಹೇಳೀತು. ಅದನ್ನು ಯಾವ ಕಾನೂನಿನಡಿ ತೆಗೆಸಬೇಕು ಅನ್ನುವಷ್ಟು ಓದು ಆ ಮಿಷನ್ನಿಗೆಲ್ಲಿ?

ಸರ್ಕಾರಗಳ ಲೆಕ್ಕ ನೋಡಿ. ವರ್ಷದ ಆದಾಯ 1,20,000 ದಾಟಿತೋ, ಬೆಂಗಳೂರಿನ ಕಣ್ಣಿಗೆ ನೀವು ಅನುಕೂಲಸ್ಥರು, ಬಿಪಿಎಲ್ ಕಾರ್ಡು ಇಲ್ಲ. ದಿಲ್ಲಿಯದು ಹೆಂಗರುಳು. ಹೊಸ ಪದ್ಧತಿಯಲ್ಲಿ 12,00,000ದ ತನಕ ಆದಾಯ ತೆರಿಗೆಯನ್ನೇ ಕೇಳುವುದಿಲ್ಲ, ಪಾಪ, ಇವನ ಹತ್ತಿರ ಏನಿದೆ ಅಂತ. ನಡುವೆ ಇರುವುದು ಒಂದೇ ಸೊನ್ನೆ. ಮಧ್ಯಮ ವರ್ಗ ಸಂಸಾರ ಹೂಡಿರುವುದು ಆ ಸೊನ್ನೆಯೊಳಗೆ.

ಕಾಯಿಲೆ ಬಿದ್ದಾಗ ನಡೆಯುವುದು ಬೆಂಗಳೂರಿನ ಲೆಕ್ಕವೇ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ. ಎಪಿಎಲ್‌ನವರನ್ನೂ ಕೈಬಿಟ್ಟಿಲ್ಲ: ಸರ್ಕಾರ ಗೊತ್ತುಮಾಡಿದ ಪ್ಯಾಕೇಜ್ ದರದ ಶೇ. 30, ಒಂದೂವರೆ ಲಕ್ಷ ಮೀರದಂತೆ. ಕಲ್ಲಿನಲ್ಲಿ ನೂರಕ್ಕೆ ಮೂವತ್ತು ಸರ್ಕಾರದ್ದು, ಮಿಕ್ಕಿದ್ದು ನಿಮ್ಮ ಸ್ವಯಾರ್ಜಿತ.

“ವಿಮೆ ಇದೆಯಲ್ಲ ಸಾರ್” ಅಂದರು ಮೇಷ್ಟ್ರು. 2017ರಿಂದ ಪ್ರೀಮಿಯಂ ಮೇಲೆ ಶೇ. 18 ಜಿಎಸ್‌ಟಿ ಕಟ್ಟಿದವರು ಅವರು. ಕಾಯಿಲೆ ಬಂದೀತೆಂದು ಹೆದರಿದ್ದಕ್ಕೂ ತೆರಿಗೆ. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಪಾಲಿಸಿಗೆ ಅದು ಹೋಯಿತು. ಒಳ್ಳೆಯದೇ, ಸುಮ್ಮನೆ ಬಯ್ಯಬಾರದು. ಹಿರಿಯರ ಪ್ರೀಮಿಯಂ ವರ್ಷಕ್ಕೆ ಶೇ. 10ಕ್ಕಿಂತ ಹೆಚ್ಚು ಏರಿಸಬೇಕಾದರೆ ಕಂಪನಿ ವಿಮಾ ಪ್ರಾಧಿಕಾರವನ್ನು ಕೇಳಬೇಕು. ಕೇಳದೆಯೇ ಎಂಟು ವರ್ಷದಲ್ಲಿ ದುಪ್ಪಟ್ಟು ಮಾಡಬಹುದು.

ಆಡಿಟರ್ ಪಾಲಿಸಿ ತಿರುವಿದರು. “3 ಲಕ್ಷದ್ದು. ರೂಮಿಗೆ ಶೇ. 1, ಅಂದರೆ ದಿನಕ್ಕೆ 3,000. ಎಷ್ಟರ ರೂಮು ನೋಡಿದ್ದೀರಿ ಮೇಷ್ಟ್ರೇ?”

“6,000ದ್ದು. ಪಕ್ಕದಲ್ಲಿ ಕೆಮ್ಮುವವರು ಬೇಡ ಅಂದಳು ನಮ್ಮವಳು. ಹೆಚ್ಚಿನ ಮೂರು ಸಾವಿರ ನಾವೇ ಕೊಟ್ಟರಾಯಿತು.”

ಆಡಿಟರ್ ಅಯ್ಯೋ ಪಾಪ ಅನ್ನುವಂತೆ ನೋಡಿದರು. ರೂಮು ಎರಡು ಪಟ್ಟಾದರೆ ಸರ್ಜನ್ ಫೀಸು, ಓಟಿ ಖರ್ಚಿನಲ್ಲೂ ಕಂಪನಿ ಕೊಡುವುದು ಅರ್ಧವೇ. ಅದೇ ಡಾಕ್ಟರು, ಅದೇ ಕತ್ತರಿ, ಅದೇ ಕಲ್ಲು. ಕಿಟಕಿಗೆ ಪರದೆ ಇತ್ತು ಅನ್ನುವ ತಪ್ಪಿಗೆ ಆಪರೇಷನ್ನಿನ ಅರ್ಧ ಬಿಲ್ಲು ಮೇಷ್ಟ್ರ ತಲೆಗೆ. ಸಾಲದ್ದಕ್ಕೆ, ಐಸಿಯು ಅಲ್ಲದ ರೂಮು ದಿನಕ್ಕೆ 5,000 ದಾಟಿದರೆ 2022ರ ಜುಲೈನಿಂದ ಶೇ. 5 ಜಿಎಸ್‌ಟಿ. ಮಲಗಿದಲ್ಲೇ ದೇಶ ಕಟ್ಟುವ ಭಾಗ್ಯ ಇನ್ಯಾವ ರೋಗಿಗಿದೆ!

ಇನ್ನು ವಿಮಾ ಪ್ರಾಧಿಕಾರದ್ದೊಂದು ಪಟ್ಟಿ, ಪಾಲಿಸಿಯಲ್ಲಿ ಸಾಮಾನ್ಯವಾಗಿ ಸೇರದ 68 ಬಾಬತ್ತು. ಬ್ಯೂಟಿ ಸರ್ವಿಸ್ ಇದೆ, ಸರಿ. ಟಿವಿ ಇದೆ, ಅದೂ ಸರಿ. ಗ್ಲೌಸು, ಮಾಸ್ಕೂ ಇವೆ. ಬರಿಗೈಯಲ್ಲಿ ಕೊಯ್ಯುವ ಸರಳ ಜೀವಿ ಸರ್ಜನ್ ಸಿಕ್ಕಿದರೆ ರೋಗಿಗೆ ಉಳಿತಾಯ. ಆಂಬುಲೆನ್ಸೂ ಅದೇ ಪಟ್ಟಿಯಲ್ಲಿದೆ. ತೀರ್ಥಹಳ್ಳಿ ಕಡೆಯವರು ಆಗುಂಬೆ ಘಾಟಿ ಇಳಿದು ಮಣಿಪಾಲಕ್ಕೆ ಬಸ್ಸಿನಲ್ಲೇ ಹೋಗಲಿ ಅನ್ನುವ ಸದುದ್ದೇಶ ಇರಬೇಕು. ಮಳೆಗಾಲವಾದರೆ ರೋಗಿಗೆ ಜಲಪಾತವೂ ಕಾಣುತ್ತದೆ.

“ಹಾಗಾದರೆ ಏನು ಮಾಡಲಿ ಸಾರ್?”

“ಜನರಲ್ ವಾರ್ಡು ಹಿಡೀರಿ. ಕೆಮ್ಮಿಗೆ ಜಿಎಸ್‌ಟಿ ಇಲ್ಲ.”

ಮೇಷ್ಟ್ರು ಏಳುವಾಗ ಬಿಲ್ಲು ಕೈಗೆ ಬಂತು. ಡಾಕ್ಟರ ಸಲಹೆಗೆ ತೆರಿಗೆ ಇಲ್ಲವಂತೆ. ಆಡಿಟರ್ ಸಲಹೆಗೆ ಶೇ. 18.