ಹನ್ನೊಂದನೇ ನಂಬರಿನ ಪ್ರದಕ್ಷಿಣೆ

ನಾನು ಚಿಕ್ಕವನಿದ್ದಾಗ ಮೈಸೂರಿನ ಕುವೆಂಪುನಗರದ ನಮ್ಮ ಮನೆಯಿಂದ ಸಿದ್ಧಾರ್ಥ ಬಡಾವಣೆಯ ಅಜ್ಜಿಯ ಮನೆಗೆ ಹೋಗಬೇಕೆಂದರೆ, ಮೊದಲು ಸಿಟಿ ಬಸ್‌ಸ್ಟ್ಯಾಂಡಿನಲ್ಲಿ ಇಳಿದು ಅಲ್ಲಿಂದ ಇನ್ನೊಂದು ಬಸ್ಸು ಹಿಡಿಯಬೇಕಾಗಿತ್ತು. ಕಂಡಕ್ಟರು ಟಿಕೆಟಿನ ಹಿಂದೆ ಬರೆದುಕೊಟ್ಟ ಎಂಟಾಣೆ ಚಿಲ್ಲರೆಯನ್ನು ಇಳಿಯುವ ಮುನ್ನ ವಸೂಲು ಮಾಡುವ ಹೊಣೆ ನನ್ನದು; ನೂಕುನುಗ್ಗಲಿನಲ್ಲಿ ಅದು ಅರ್ಧಕ್ಕರ್ಧ ಸಲ ಬರುತ್ತಲೇ ಇರಲಿಲ್ಲ. ಊರಿನ ಯಾವ ಮೂಲೆಯಿಂದ ಯಾವ ಮೂಲೆಗೆ ಹೊರಟರೂ ಅರಮನೆಯ ಮಗ್ಗುಲಿಗೆ ಬಂದು ಹಾಜರಿ ಹಾಕಿಯೇ ಮುಂದೆ ಹೋಗಬೇಕು ಎಂಬುದು ಆಗ ನನಗೆ ಪ್ರಕೃತಿ ನಿಯಮದಂತೆ ತೋರುತ್ತಿತ್ತು.

ಅದು ನಿಯಮವಲ್ಲ, ಬರೀ ರೂಢಿ ಎಂದು ತಿಳಿದದ್ದು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿಗೆ ಬಂದ ಮೇಲೆ. ಇಲ್ಲಿನ ಔಟರ್ ಸರ್ಕಲ್, ಅಂದರೆ 11ನೇ ನಂಬರಿನ ಬಸ್ಸು, 1926ರಿಂದ ಊರಿನ ನಡುಭಾಗವನ್ನು ಮುಟ್ಟದೆ ಸುತ್ತಲಿನ ಬಡಾವಣೆಗಳನ್ನೇ ಪೋಣಿಸಿಕೊಂಡು ಓಡುತ್ತಾ ಬಂದಿದೆ. ಆಗಿನ ಟ್ರಾಮುಗಳೆಲ್ಲ ನಡುಪೇಟೆಯಿಂದ ಹೊರಟು ಚಕ್ರದ ಕಡ್ಡಿಗಳಂತೆ ಹೊರಕ್ಕೆ ಚಾಚಿಕೊಂಡಿದ್ದವು. ಆ ಕಡ್ಡಿಗಳಿಗೆ ಪಟ್ಟಿ ಕಟ್ಟಿದ್ದು ಈ ಬಸ್ಸು. ಟ್ರಾಮುಗಳು 1953ಕ್ಕೆ ನಿಂತುಹೋದವು, ಪಟ್ಟಿ ಉಳಿಯಿತು. ಪ್ರದಕ್ಷಿಣೆಯಾಗಿ ಹೋಗುವುದು 11ಸಿ, ಅಪ್ರದಕ್ಷಿಣೆಯದು 11ಎ. ಸುಮಾರು 26 ಮೈಲಿಯ ಪೂರ್ತಿ ಸುತ್ತಿಗೆ ಎರಡರಿಂದ ಮೂರು ತಾಸು ಬೇಕು. ಬಂದ ಹೊಸತರಲ್ಲಿ ಒಂದು ಭಾನುವಾರ ಮಹಡಿ ಬಸ್ಸಿನ ಮೇಲಂತಸ್ತಿನ ಮುಂದಿನ ಸೀಟಿನಲ್ಲಿ ಕುಳಿತು, ಆವಿಗಟ್ಟಿದ ಗಾಜನ್ನು ತೋಳಿನಿಂದ ಒರೆಸಿಕೊಳ್ಳುತ್ತಾ, ಹತ್ತಿದ ಸ್ಟಾಪಿನಲ್ಲಿಯೇ ಮರಳಿ ಇಳಿದಿದ್ದೆ. ಕ್ಯಾಡ್‌ಬರಿ ಕಾರ್ಖಾನೆಯಿರುವ ಬೋರ್ನ್‌ವಿಲ್ ಬಂದಾಗ ಕೋಕೋ ವಾಸನೆ ಬಸ್ಸಿನೊಳಕ್ಕೂ ನುಗ್ಗಿತು; ನನಗೆ ನೆನಪಾದದ್ದು ಮಾತ್ರ ದೇವರಾಜ ಮಾರುಕಟ್ಟೆಯ ಹತ್ತಿರ ಕಾಫಿಪುಡಿ ಮಾಡುವ ಅಂಗಡಿ.

ಮೈಸೂರಿನ ಹೊರವರ್ತುಲ ರಸ್ತೆಯ ಉದ್ದ ಸುಮಾರು 42 ಕಿಲೋಮೀಟರು, 26 ಮೈಲಿಯೆಂದರೂ ಹೆಚ್ಚುಕಡಿಮೆ ಅಷ್ಟೇ. ಹೀಗಾಗಿ ರಿಂಗ್ ರೋಡಿನ ಮೇಲೆ ಒಂದು ಸುತ್ತು ಬಸ್ಸು ಬಿಟ್ಟರಾಯಿತಲ್ಲ ಎಂದು ಊರಿಗೆ ಬಂದಾಗಲೆಲ್ಲ ನಾನು ವಾದಿಸುತ್ತಿದ್ದೆ. ಈಗ ಹಾಗೆ ಅನ್ನಿಸುವುದಿಲ್ಲ. ಬರ್ಮಿಂಗ್‌ಹ್ಯಾಮಿನ ಬಸ್ಸು ಹಳೆಯ ಬಡಾವಣೆಗಳ ಅಂಗಡಿ ಬೀದಿ, ಶಾಲೆ, ಆಸ್ಪತ್ರೆಗಳ ನಡುವೆ ಹಾದುಹೋಗುತ್ತದೆ. ನಮ್ಮ ರಿಂಗ್ ರೋಡು ಲಾರಿಗಳು ಊರೊಳಗೆ ಬಾರದಂತೆ ಊರನ್ನು ಬಳಸಿಕೊಂಡು ಹೋಗುವ ರಸ್ತೆ. ಹಿನಕಲ್‌ನಂಥ ಕೂಡುರಸ್ತೆಯಲ್ಲಿ ಇಳಿದವರು ಮನೆ ಸೇರಲು ಮತ್ತೆ ಆಟೋ ಹುಡುಕಬೇಕು.

ನಮಗೆ ಬೇಕಾದದ್ದು ಇನ್ನೂ ಒಳಗಿನ ಸುತ್ತು: ಕುವೆಂಪುನಗರ, ಸರಸ್ವತೀಪುರಂ, ಗೋಕುಲಂ, ಬನ್ನಿಮಂಟಪ, ಉದಯಗಿರಿ, ಸಿದ್ಧಾರ್ಥ ಬಡಾವಣೆ, ಜೆ.ಪಿ. ನಗರ, ಮರಳಿ ಕುವೆಂಪುನಗರ. 2023ರ ಜೂನ್ 11ರಂದು ಶಕ್ತಿ ಯೋಜನೆ ಜಾರಿಗೆ ಬಂದ ಮೇಲೆ ನಮ್ಮಮ್ಮನಿಗೆ ಎರಡು ಬಸ್ಸು ಹತ್ತಿದರೂ ದುಡ್ಡು ಕೊಡಬೇಕಾಗಿಲ್ಲ, ಆದರೆ ಬಸ್‌ಸ್ಟ್ಯಾಂಡಿನಲ್ಲಿ ಕಾಯುವುದು ತಪ್ಪಿಲ್ಲ. "ದುಡ್ಡೇನೋ ಉಳೀತದೆ ಕಣೋ, ಮಂಡಿನೋವು ತಪ್ಪಲ್ವಲ್ಲ" ಎನ್ನುತ್ತಾಳೆ.

ಬರ್ಮಿಂಗ್‌ಹ್ಯಾಮಿನ ಒಂದು ಪಾಡನ್ನೂ ಹೇಳಿಬಿಡಬೇಕು. ಕೊನೆಯೇ ಇಲ್ಲದ ಮಾರ್ಗದಲ್ಲಿ ತಡವಾದ ಬಸ್ಸಿಗೆ ಸುಧಾರಿಸಿಕೊಳ್ಳುವ ಜಾಗವಿರುವುದಿಲ್ಲ. ತಡವಾದಷ್ಟೂ ಸ್ಟಾಪುಗಳಲ್ಲಿ ಜನ ಹೆಚ್ಚುತ್ತಾರೆ, ಜನ ಹೆಚ್ಚಿದಷ್ಟೂ ತಡವಾಗುತ್ತದೆ, ಹಿಂದಿನ ಬಸ್ಸು ಖಾಲಿಯಾಗಿ ಓಡೋಡಿ ಬಂದು ಇದರ ಬೆನ್ನಿಗೆ ಅಂಟಿಕೊಳ್ಳುತ್ತದೆ. ಅರ್ಧ ಗಂಟೆ ಮಳೆಯಲ್ಲಿ ನೆನೆದ ಮೇಲೆ ಮೂರು 11ಸಿಗಳು ಸಾಲಾಗಿ ಬಂದದ್ದನ್ನು ನಾನೇ ಎಷ್ಟೋ ಸಲ ಕಂಡಿದ್ದೇನೆ. 2021ರಲ್ಲಿ ಏಕಾಕ್ಸ್ ಗ್ರೀನ್ ಎಂಬಲ್ಲಿ ಸುತ್ತನ್ನು ಕತ್ತರಿಸಿ ಕೊನೆಯ ನಿಲ್ದಾಣ ಮಾಡಿದರು. ಈಗ ಪೂರ್ತಿ ಸುತ್ತಬೇಕೆನ್ನುವವರು ಅಲ್ಲಿ ಬಸ್ಸು ಬದಲಿಸಬೇಕು. ಹಳಬರು ಗೊಣಗಿದರು, ನಾನೂ ಗೊಣಗಿದೆ. ಆದರೂ ಮೈಸೂರಿನಲ್ಲಿ ಇಂಥ ಬಸ್ಸು ಬಿಡುವುದಾದರೆ, ಮೊದಲ ದಿನದಿಂದಲೇ ಸುತ್ತನ್ನು ಎರಡು ಕಡೆ ಕತ್ತರಿಸಿ, ಡ್ರೈವರು ಕಂಡಕ್ಟರು ಹತ್ತು ನಿಮಿಷ ಕಾಫಿ ಕುಡಿದು ವೇಳೆ ಸರಿಹೊಂದಿಸಿಕೊಳ್ಳಲು ಬಿಡಬೇಕೆಂದೇ ಹೇಳುತ್ತೇನೆ. ಒಂದು ಕಡೆ ಕುವೆಂಪುನಗರವಾದರೆ, ಇನ್ನೊಂದು ಬನ್ನಿಮಂಟಪದ ಸುತ್ತಮುತ್ತ ಎಲ್ಲಾದರೂ ಆದೀತು.