ಬಾಟಲಿಯಿಂದ ಬಂದ ಬೀಗರು

ನಮ್ಮ ಮನೆಯ ಹಾಲ್‌ನಲ್ಲಿ ಈಗ ಫ್ಯಾನ್ ಹಾಕುವಂತಿಲ್ಲ, ಕಿಟಕಿ ತೆಗೆಯುವಂತಿಲ್ಲ. ಬೆವರೊರೆಸಿಕೊಳ್ಳುತ್ತಾ ಯಾಕೆ ಅಂತ ಕೇಳಿದವರಿಗೆ ನಮ್ಮ ಇವರು ಟೀವಿ ಪಕ್ಕದ ಪ್ಲಾಸ್ಟಿಕ್ ಡಬ್ಬಿಗಳತ್ತ ಬೆರಳು ತೋರಿಸುತ್ತಾರೆ. ಒಳಗೆ ಉಗುರಿನಷ್ಟು ಎಲೆಯ ಫಿಲೊಡೆಂಡ್ರಾನ್, ಅಲೊಕೇಶಿಯಾ, ಸಿಂಗೋನಿಯಂ ಎಂಬ ಅಲಂಕಾರದ ಗಿಡಗಳ ಮರಿಗಳು. ಗಿಡದ ಚೂರಿನಿಂದ ಲ್ಯಾಬಿನ ಬಾಟಲಿಯಲ್ಲೇ ಹುಟ್ಟಿ ಬೆಳೆದ ಟಿಶ್ಯೂ ಕಲ್ಚರ್ ಸಸಿಗಳು. ಬೀಗರು ಬಂದಾಗಲೂ ಈ ಮನೆಯಲ್ಲಿ ಇಷ್ಟು ಉಪಚಾರ ನಡೆದದ್ದಿಲ್ಲ.

ಇವುಗಳ ಪೂರ್ವಾಶ್ರಮ ಕೇಳಿದರೆ ಉಪಚಾರ ಯಾಕೆಂದು ಗೊತ್ತಾಗುತ್ತದೆ. ಬಾಟಲಿಯೊಳಗೆ ತೇವಾಂಶ ಹೆಚ್ಚುಕಡಿಮೆ ನೂರಕ್ಕೆ ನೂರು. ಕಾಲಡಿ ಅಗರ್ ಎಂಬ ಜೆಲ್ಲಿ, ಅದರಲ್ಲಿ ಸಾಮಾನ್ಯವಾಗಿ ಲೀಟರಿಗೆ 30 ಗ್ರಾಂ ಸಕ್ಕರೆ, ಜೊತೆಗೆ 1962ರಲ್ಲಿ ಮುರಾಶಿಗೆ ಮತ್ತು ಸ್ಕೂಗ್ ಎಂಬಿಬ್ಬರು ವಿಜ್ಞಾನಿಗಳು ತಂಬಾಕಿನ ಅಂಗಾಂಶ ಬೆಳೆಸಲೆಂದು ಲೆಕ್ಕ ಹಾಕಿಟ್ಟ ಲವಣಗಳು. ಕೂತಲ್ಲಿಗೇ ಎಲ್ಲ ಬರುವಾಗ ಬೆಳಕಿಗೆ ಮೈಯೊಡ್ಡಿ ದುಡಿಯುವ ದರ್ದೇನಿದೆ? ಎಲೆಯ ಮೇಲೆ ಮೇಣದ ಹೊದಿಕೆ ಸರಿಯಾಗಿ ಬಂದಿರುವುದಿಲ್ಲ. ಪತ್ರರಂಧ್ರಗಳಿಗೆ, ಅಂದರೆ ಎಲೆ ಉಸಿರಾಡುವ ಸಣ್ಣ ತೂತುಗಳಿಗೆ, ಮುಚ್ಚಿಕೊಂಡು ಗೊತ್ತಿಲ್ಲ. ಏಕಾಏಕಿ ಹೊರಗಿಟ್ಟರೆ ಬಾಗಿಲು ಹಾರುಹೊಡೆದುಕೊಂಡೇ ಒಣಗಿಹೋಗುತ್ತವೆ.

"ಬಾಗಿಲು ಹಾಕೋಕೆ ಬರದೇ ಇರೋ ಜೀವ ಈ ಮನೇಲಿ ಆಗಲೇ ಒಂದು ಇತ್ತಲ್ಲೋ" ಅಂದರು ಅತ್ತೆ, ಮೊಮ್ಮಗನನ್ನು ನೋಡುತ್ತಾ.

ಮೊದಲನೆಯ ಕಾರ್ಯಕ್ರಮ ಸ್ನಾನ. ಬೇರಿಗೆ ಅಂಟಿದ ಜೆಲ್ಲಿಯನ್ನು ಚೂರೂ ಬಿಡದೆ ತೊಳೆಯಬೇಕು. ಸಕ್ಕರೆ ಉಳಿದಲ್ಲಿ ಬೂಷ್ಟು ಹಿಡಿಯುತ್ತದೆ, ಕ್ರಿಮಿಯ ಮುಖವನ್ನೇ ನೋಡದೆ ಬೆಳೆದ ಸಸಿ ಅದನ್ನು ತಡೆಯುವುದಿಲ್ಲ. ಇವರು ಮಗನ ಡ್ರಾಯಿಂಗ್ ಬ್ರಷ್ ಹಿಡಿದು, ಅತ್ತೆಯ ಓದುವ ಕನ್ನಡಕ ಏರಿಸಿಕೊಂಡು, ಉಗುರುಬೆಚ್ಚಗಿನ ನೀರಿನಲ್ಲಿ ಒಂದೊಂದನ್ನೇ ಮೀಯಿಸತೊಡಗಿದರು. ಪರರ ಕನ್ನಡಕದಲ್ಲಿ ದೂರ ಹತ್ತಿರ ತಿಳಿಯುವುದಿಲ್ಲ. ಒಂದು ಸಿಂಗೋನಿಯಂ ಬೆರಳಸಂದಿಯಿಂದ ಜಾರಿ ಸಿಂಕಿನ ತೂತಿಗೆ ಇಳಿದೇಬಿಟ್ಟಿತು.

"ಯಾರೂ ನಲ್ಲಿ ತಿರುಗಿಸ್ಬೇಡಿ!"

ಸಿಂಕಿನ ಕೆಳಗೆ ಬಕೆಟ್ ಇಟ್ಟು, ಇವರು ಅಂಗಾತ ಮಲಗಿ, ಪೈಪ್ ಬಿಚ್ಚಿದರು. ಬಕೆಟ್ಟಿಗೆ ಬಿದ್ದದ್ದನ್ನು ವರ್ಣಿಸುವುದು ಬೇಡ. ಸಸಿ ಸಿಕ್ಕಿತು. ಅದರ ಹಿಂದೆಯೇ ಅತ್ತೆಯ ಓಲೆಯ ತಿರುಪೂ ಸಿಕ್ಕಿತು. ಅದು ಕಳೆದಾಗ ನನ್ನ ಪೊರಕೆಯ ಬಗ್ಗೆ ಬಂದಿದ್ದ ಮಾತುಗಳು ನನಗೆ ಬಾಯಿಪಾಠ. ನಾನೇನೂ ಅನ್ನಲಿಲ್ಲ, ತಿರುಪನ್ನು ತೊಳೆದು ಅವರ ಅಂಗೈಯಲ್ಲಿಟ್ಟೆ, ಅಷ್ಟೇ. ಆ ಸಿಂಗೋನಿಯಂ ಮೇಲೆ ನನಗೆ ಅಭಿಮಾನ ಹುಟ್ಟಿದ್ದು ಅಲ್ಲಿಂದ.

ಆಮೇಲೆ ಶಿಲೀಂಧ್ರನಾಶಕದಲ್ಲಿ ಒಂದು ಮುಳುಗು, ಒದ್ದೆ ಸ್ಫ್ಯಾಗ್ನಂ ಪಾಚಿ ಮತ್ತು ಪರ್ಲೈಟ್ ಎಂಬ ಹಗುರವಾದ ಬಿಳಿ ಹರಳಿನ ಹಾಸಿಗೆ, ಮೇಲೆ ಮುಚ್ಚಳ. ಎರಡರಿಂದ ನಾಲ್ಕು ವಾರದವರೆಗೆ ದಿನಾ ಸ್ವಲ್ಪ ಸ್ವಲ್ಪವೇ ಮುಚ್ಚಳ ಸರಿಸಿ ಹೊರಗಿನ ಗಾಳಿಯ ರುಚಿ ತೋರಿಸಬೇಕಂತೆ. ಬೆಳಕು ಬೇಕು, ನೇರ ಬಿಸಿಲು ಕೂಡದು. ಇವರು ವೇಳಾಪಟ್ಟಿ ಬರೆದು ಗೋಡೆಗೆ ಅಂಟಿಸಿದರು. ಮಗನ ಪರೀಕ್ಷೆಯ ವೇಳಾಪಟ್ಟಿ ಅದರ ಕೆಳಗೆ ಹೋಯಿತು.

ಬಾಟಲಿಯಲ್ಲಿ ಗಿಡ ಸಾಕುವ ಈ ವಿದ್ಯೆಗೆ ಮೂಲ ಹುಡುಕಿದರೆ ಹಾಬರ್‌ಲಾಂಟ್ ಎಂಬ ಆಸ್ಟ್ರಿಯಾದ ಸಸ್ಯವಿಜ್ಞಾನಿ ಸಿಗುತ್ತಾರೆ. ಗಿಡದ ಬಿಡಿ ಕೋಶಗಳನ್ನೂ ಸಾಕಬಹುದೆಂದು 1902ರಲ್ಲೇ ಹೇಳಿದ್ದರು. ಅವರು ಸಾಕಿದ ಕೋಶಗಳು ಬದುಕಿದ್ದವು, ಆದರೆ ಒಂದೂ ಒಡೆದು ಎರಡಾಗಲಿಲ್ಲ. ಅವರ ಮನೆಮಂದಿ ಪುಣ್ಯವಂತರು.

ವೇಳಾಪಟ್ಟಿ ಕೆಟ್ಟದ್ದು ಕರುಣೆಯಿಂದ. ಇವರು ಆಫೀಸಿನಲ್ಲಿದ್ದ ಹೊತ್ತು, ನಾನು ಹಿತ್ತಲಲ್ಲಿದ್ದೆ. "ಪಾಪ, ಉಸಿರು ಕಟ್ಟುತ್ತೆ ಅವಕ್ಕೆ" ಅಂತ ಅತ್ತೆ ಎಲ್ಲ ಮುಚ್ಚಳಗಳನ್ನೂ ತೆಗೆದು, ಡಬ್ಬಿಗಳನ್ನು ಕಿಟಕಿಯ ಎಳೆಬಿಸಿಲಿಗಿಟ್ಟು, ಸಾಲದೆಂದು ಫ್ಯಾನೂ ಹಾಕಿ, ತಾವೂ ಅದರಡಿ ಒಂದು ನಿದ್ದೆ ತೆಗೆದಿದ್ದರು. ನಾನು ಬಂದು ನೋಡಿದರೆ ಅತ್ತೆಯಂತೆಯೇ ಸಸಿಗಳೂ ಮಲಗಿದ್ದವು. ಫೋನ್ ಮಾಡಿದೆ. ಆ ಕಡೆಯಿಂದ ಮಾತಿಲ್ಲ; ಹೆತ್ತ ತಾಯಿಯನ್ನು ಬೈಯುವಂತಿಲ್ಲ, ಸುಮ್ಮನಿರಲೂ ಆಗದು. ಕೊನೆಗೆ "ನೀರು ಚಿಮುಕಿಸಿ ಮುಚ್ಚಳ ಹಾಕು" ಎಂದಷ್ಟೇ ದನಿ ಬಂತು, ಐಸಿಯು ಹೊರಗೆ ನಿಂತವರ ದನಿಯಲ್ಲಿ.

ಸಂಜೆಗೆ ಬಹುಪಾಲು ತಲೆಯೆತ್ತಿದವು. ಒಂದು ಅಲೊಕೇಶಿಯಾ ಮಾತ್ರ ಕರಗಿ ಲೋಳೆಯಾಯಿತು. ಉಳಿದವುಗಳ ಎಲೆಗಳೂ ಸರದಿಯಲ್ಲಿ ಹಳದಿಯಾಗತೊಡಗಿ, ಇವರ ಮುಖವೂ ಅದೇ ಬಣ್ಣಕ್ಕೆ ತಿರುಗಿತು. ಬಾಟಲಿಯಲ್ಲಿ ಮೂಡಿದ ಎಲೆಗಳಿಗೆ ಬುದ್ಧಿ ಕಲಿಸುವುದು ಕಷ್ಟವಂತೆ. ಅವು ಹೆಚ್ಚಾಗಿ ಉದುರಿಹೋಗುವವೇ. ಹೊರಗಿನ ಗಾಳಿಯಲ್ಲಿ ಹೊಸದಾಗಿ ಬರುವ ಎಲೆಗೆ ಮಾತ್ರ ಮೇಣವೂ ಇರುತ್ತದೆ, ಪತ್ರರಂಧ್ರ ಮುಚ್ಚುವ ಶಿಸ್ತೂ ಇರುತ್ತದೆ. ಬೇರಿನದೂ ಅದೇ ಕಥೆ: ಜೆಲ್ಲಿಯಲ್ಲಿ ಬೆಳೆದ ಬೇರಿಗೆ ಬೇರುಗೂದಲು ಕಡಿಮೆ, ಪಾಚಿಯೊಳಗೆ ಹೊಸದು ಇಳಿಯಬೇಕು. ಅಂದರೆ ಇಷ್ಟೂ ದಿನ ನಾವು ಬೆವರು ಸುರಿಸಿ ಕಾಪಾಡಿದ್ದು ಹೇಗೂ ಉದುರುವ ಎಲೆಗಳನ್ನು!

ಮೊದಲ ಹೊಸ ಎಲೆ ಬಿಟ್ಟದ್ದು ಪೈಪಿನಿಂದ ವಾಪಸಾದ ಸಿಂಗೋನಿಯಂ. ಇವರು ಫೋಟೋ ತೆಗೆಯುತ್ತಿದ್ದಾಗ ಅತ್ತೆ ಬಂದು ಬಗ್ಗಿ ನೋಡಿದರು.

"ನೋಡಿದ್ಯೇನೋ? ಅವತ್ತು ನಾನು ಗಾಳಿ ತೋರಿಸಿದ್ದಕ್ಕೇ."

ಇವರು ಬಾಯಿ ತೆರೆದರು. ಗಾಳಿ ತೋರಿಸಬೇಕೆಂದು ಇವರ ವೇಳಾಪಟ್ಟಿಯಲ್ಲೇ ಇತ್ತಲ್ಲ, ವಾದಿಸುವುದು ಹೇಗೆ? ಬಾಯಿ ಮುಚ್ಚಿದರು. ಅತ್ತೆ ಗೋಡೆಯ ಪಟ್ಟಿಯನ್ನು ಕಿತ್ತು ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡು ಹೇಳಿದರು: "ನಾಳೆಯಿಂದ ಮುಚ್ಚಳದ ಉಸ್ತುವಾರಿ ನಂದು. ಮುಂದಿನ ಸಲ ಬಾಟಲಿ ತರೋವಾಗ ನನ್ನನ್ನ ಒಂದು ಮಾತು ಕೇಳು."